ಓವರ್ ಅಂದ ಮೇಲೆ

ಮಗಳೇ,

ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡು ತೆಗೆದ ನಾಲ್ಕನೆಯ ವಿಡಿಯೊ ಕಳಿಸಿದ್ದೇನೆ. ಬೈಕು ಈಗ ತಿರುವುಗಳಲ್ಲಿ ನಿಂತುಹೋಗುವುದಿಲ್ಲ. ಅರವತ್ತಕ್ಕೆ ಕಲಿತವನಿಗೆ ಅಷ್ಟು ಸಾಕು.

ಹಿಂದಿನ ವಿಡಿಯೊದ ಕೆಳಗೆ ಯಾರೋ ಬರೆದಿದ್ದರು: ‘ಅಂಕಲ್, ಮಾತುಮಾತಿಗೂ ಓವರ್ ಅಂತೀರಲ್ಲ, ಆಮೇಲೆ ನಿದ್ದೆ ಹೊಡೀತೀರಾ?’ ನಗು ಬಂತು. ಸೈನ್ಯದಲ್ಲಿ ಇಪ್ಪತ್ತು ವರ್ಷ ವೈರ್‌ಲೆಸ್ ಹಿಡಿದವನು, ನನ್ನ ಮಾತು ಮುಗಿಯಿತು ಎಂದು ಓವರ್ ಅಂದ ಮೇಲೆ ಆ ಕಡೆಯ ಉತ್ತರಕ್ಕೆ ಕಾಯುತ್ತೇನೆ. ಮನೆಯಲ್ಲೂ ಹಾಗೇ ಅನ್ನುತ್ತಿದ್ದೆ. ನಿನ್ನಮ್ಮ ಇದ್ದಷ್ಟು ದಿನ, ‘ನಾನೇನು ಕಿವುಡೀನಾ? ಮುಂದೆ ಹೇಳಿ’ ಅನ್ನುತ್ತಿದ್ದಳು.

ವಿಡಿಯೊದಲ್ಲಿ ಓವರ್ ಆದಮೇಲಿನ ಖಾಲಿ ಜಾಗಗಳನ್ನು ಕತ್ತರಿಸುತ್ತೇನೆ ಎಂದು ನೀನು ಬರೆದಿದ್ದೆಯಲ್ಲ, ಬೇಡ. ಅಳೆದು ನೋಡಿದೆ, ಅವಳ ಉತ್ತರದಷ್ಟೇ ಉದ್ದ ಇವೆ.

ಭಾನುವಾರ ಫೋನಿನಲ್ಲಿ ನಾನು ಬಾಯಿತಪ್ಪಿ ಓವರ್ ಅಂದರೆ ನಗಬೇಡ. ಏನಾದರೂ ಒಂದು ಹೇಳು.

ಕಾಯುತ್ತಿರುವ,
ಅಪ್ಪ