ಗೋಡೆಯಾಚೆಯ ವೈಫೈ

ಮನೆಯಿಂದ,
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ನೋವು ಹೇಗಿದೆ? ಮೆಟ್ಟಿಲು ಹತ್ತಬೇಡವೆಂದು ಡಾಕ್ಟರು ಹೇಳಿದರೂ ನೀನು ಕೇಳುವವಳಲ್ಲ, ಗೊತ್ತು. ಭಾವ ಚೆನ್ನಾಗಿದ್ದಾರೆ ತಾನೆ? ನಿನ್ನೆಯಷ್ಟೇ ಪರದೆಯ ಮೇಲೆ ಮಾತಾಡಿದ್ದಾಗಿದೆ, ಮತ್ತೇಕೆ ಕಾಗದ ಎನ್ನಬೇಡ. ಪರದೆಯ ಮುಂದೆ ಅಮ್ಮ ನನ್ನ ಭುಜಕ್ಕೆ ಭುಜ ತಾಗಿಸಿ ಕೂತಿರುತ್ತಾಳೆ. ಅವಳೆದುರು ಇದನ್ನು ಹೇಳಲಾರೆ.

ಫೋನಿನಲ್ಲಿ ನಿನ್ನ ಮುಖ ಅಂಗಿಯ ಗುಂಡಿಯಷ್ಟೇ ಕಾಣುತ್ತದೆಂದು ಅಮ್ಮ ಗೊಣಗುತ್ತಿದ್ದಳಲ್ಲ, ಅದಕ್ಕೇ ನೀನು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಿಗೆ ನಿನ್ನೆ ವಿಂಡೋಸ್ ತೆಗೆದು, ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದೆ. ಎಲ್ಲ ಸರಿಹೋಯಿತು, ವೈಫೈ ಒಂದು ಬಿಟ್ಟು. ಅದನ್ನು ನಡೆಸುವ ಡ್ರೈವರ್ ಎಂಬ ಪುಟ್ಟ ಸಾಫ್ಟ್‌ವೇರ್ ಲಿನಕ್ಸಿನ ಜೊತೆ ಬಂದಿರಲಿಲ್ಲ. ಇಳಿಸಿಕೊಳ್ಳೋಣವೆಂದರೆ ಇಂಟರ್ನೆಟ್ಟೇ ಇಲ್ಲ. ಏನೇನೋ ಕಮಾಂಡು ಟೈಪ್ ಮಾಡುತ್ತಾ, ತಪ್ಪುತ್ತಾ ಕೂತಿದ್ದೆ. ಅಮ್ಮ ತಲೆ ಬಾಚಿಕೊಂಡು, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, "ಆಯ್ತೇನೋ? ಬಂದ್ಲಾ?" ಎಂದು ಕೇಳುತ್ತಲೇ ಇದ್ದಳು. ನಾನು ಕಿರುಚಿದೆ: "ಸ್ವಲ್ಪ ಬಾಯ್ಮುಚ್ಕೊಂಡು ಕೂತ್ಕೊಳ್ಳಕ್ಕಾಗಲ್ವಾ ನಿಂಗೆ?" ಅವಳಿಗೆ ಕಿವಿ ಮಂದ, ಅದಕ್ಕೇ ಜೋರಾಗಿ ಮಾತಾಡುತ್ತೇನೆ ಎಂದು ನಿನಗೆ ಹೇಳುತ್ತಿದ್ದೆನಲ್ಲ, ಇದು ಜೋರು ಮಾತಲ್ಲ ಅಕ್ಕಾ.

ಕೊನೆಗೆ ಫೋನನ್ನೇ ಕೇಬಲ್ಲಿನಲ್ಲಿ ಸಿಕ್ಕಿಸಿ, ಅದರ ಇಂಟರ್ನೆಟ್ಟಿನಿಂದ ಡ್ರೈವರ್ ಇಳಿಸಿದೆ. ಲ್ಯಾಪ್‌ಟಾಪನ್ನು ಮತ್ತೆ ಶುರುಮಾಡಿದಾಗ ಸುತ್ತಮುತ್ತಲ ಮನೆಯವರು ತಮ್ಮ ತಮ್ಮ ವೈಫೈಗೆ ಇಟ್ಟ ಹೆಸರುಗಳು ಸಾಲಾಗಿ ಮೂಡಿದವು. ಅಷ್ಟೂ ಹೊತ್ತು ತುಟಿ ಬಿಚ್ಚದಿದ್ದ ಅಮ್ಮ ಕನ್ನಡಕ ಸರಿಮಾಡಿಕೊಂಡು ಒಂದು ಹೆಸರಿನ ಮೇಲೆ ಬೆರಳಿಟ್ಟು ಓದಿದಳು. "'ಅಮ್ಮನಿಗೆ ಬೈಬೇಡಿ' ಅಂತ ಬಂದಿದೆ ಕಣೋ. ಇದೇನಾ ನಮ್ದು?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಅಲ್ಲಮ್ಮ, ಪಕ್ಕದ ಮನೇದು" ಎಂದೆ. "ಪಾಪ, ಅವರ ಮನೇಲಿ ಯಾರು ಬೈತಾರೋ" ಎಂದಳು. ಅರ್ಥವಾಗದೆ ಅಂದಳೋ, ನನ್ನ ಮಾನ ಉಳಿಸಲು ಅಂದಳೋ, ಮುಖ ನೋಡಿ ತಿಳಿದುಕೊಳ್ಳುವ ಧೈರ್ಯವಾಗಲಿಲ್ಲ. ನಮ್ಮ ಪಾಸ್‌ವರ್ಡನ್ನು ಎರಡು ಸಲ ತಪ್ಪು ಒತ್ತಿದೆ. ಆಮೇಲೆ ನೀನು ಪರದೆ ತುಂಬ ಬಂದೆ, ಅಮ್ಮ ನಕ್ಕಳು. ನಾನೇಕೆ ಸಪ್ಪಗಿದ್ದೇನೆಂದು ನೀನು ಕೇಳಿದೆಯಲ್ಲ, ಇದಕ್ಕೇ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಅಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬರಿದ್ದಾರೆ. ನನ್ನನ್ನು ಕಂಡು ಬಾಗಿಲನ್ನು ಅರ್ಧ ಮಾತ್ರ ತೆರೆದರು. "ತಪ್ಪಾಯ್ತಮ್ಮ" ಎಂದೆ.

"ಎದುರಿಗೆ ಬಂದು ಹೇಳೋಕೆ ಭಯ ಆಯ್ತು ಸರ್. ಮಿಷನ್ ಓಡ್ತಾ ಇದ್ರೂ ನಿಮ್ಮ ಕೂಗು ಕೇಳ್ಸತ್ತೆ," ಎಂದರು. "ವೈಫೈ ಹೆಸರು ಬದಲಾಯಿಸ್ತೀನಿ ಬಿಡಿ."

ಬೇಡ, ಇರಲಿ ಎಂದು ಹೇಳಿ ತಲೆ ತಗ್ಗಿಸಿಕೊಂಡು ಬಂದೆ. ಅಮ್ಮನ ಹತ್ತಿರ ಮಾತ್ರ ಇನ್ನೂ ಏನೂ ಹೇಳಲಾಗಿಲ್ಲ. ಅಪರಿಚಿತರ ಮುಂದೆ ಬಂದ ಮಾತು ಅವಳ ಮುಂದೆ ಬರುವುದಿಲ್ಲ.

ಭಾವನಿಗೆ ನಮಸ್ಕಾರ, ಪುಟ್ಟಿಗೆ ನನ್ನ ಮುದ್ದು. ಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ತಮ್ಮ

ಇನ್ನೊಂದು: ಈ ಕಾಗದ ಸೇರಿದ ಮೇಲೆ ಕರೆ ಮಾಡುವಾಗ ಏನಾದರೂ ನೆಪ ಹೇಳಿ ನನ್ನನ್ನು ಹೊರಗೆ ಕಳಿಸು. ಆಮೇಲೆ, "ನಮ್ಮ ಮನೆಗೆ ಬಂದು ಇರ್ತೀಯಾ?" ಎಂದು ಅಮ್ಮನನ್ನು ಕೇಳು. ನನ್ನೆದುರು ಕೇಳಿದರೆ ಇಲ್ಲೇ ಚೆನ್ನಾಗಿದ್ದೀನಿ ಅನ್ನುತ್ತಾಳೆ. ಬರುತ್ತೇನೆ ಅಂದರೆ, ನಾನೇ ಕರೆದುಕೊಂಡು ಬಂದು ಬಿಡುತ್ತೇನೆ.