ಖರ್ಚೆಲ್ಲ ಜಂಬಪ್ಪನದು

ಹೊಸಪೇಟೆ
ಬುಧವಾರ, ೧೭–೨–೧೯೩೭

ಪ್ರೀತಿಯ ತಮ್ಮ ತೋಟಪ್ಪಾ,

ನಿನ್ನ ಕೆಮ್ಮು ಹೇಗಿದೆ? ಹೋದ ಪತ್ರದಲ್ಲಿ ಆ ಸುದ್ದಿಯೇ ಇಲ್ಲ, ಅಂದರೆ ವಾಸಿಯಾಗಿಲ್ಲ ಅಂತ ನನಗೆ ಗೊತ್ತು. ಮದರಾಸಿನ ಆ ಉಪ್ಪುಗಾಳಿಯಲ್ಲಿ ಬಂದರಿನ ಆಫೀಸಿಗೆ ನಡೆದುಕೊಂಡೇ ಹೋಗುತ್ತೀಯೋ, ಟ್ರಾಮು ಹತ್ತುತ್ತೀಯೋ? ಮೆಣಸು, ಬೆಲ್ಲ ಹಾಕಿ ಕಷಾಯ ಮಾಡಿಕೊಂಡು ಕುಡಿ, ಸೋಮಾರಿತನ ಮಾಡಬೇಡ. ಇಲ್ಲಿ ನಾನು ಚೆನ್ನಾಗಿದ್ದೇನೆ. ಅಪ್ಪ ನನಗಿಂತ ಚೆನ್ನಾಗಿದ್ದಾನೆ, ಈಚೆಗೆ ಮದುಮಗನ ಹಾಗೆ ತಿರುಗುತ್ತಿದ್ದಾನೆ. ನನಗೆ ಅದೇ ಹೆದರಿಕೆ.

ಸ್ಟೇಷನ್ ರಸ್ತೆಯ ನಮ್ಮ ಅಂಗಡಿಯನ್ನು ಬಾಡಿಗೆಗೆ ಕೊಡಿ ಎಂದು ಬೆಲ್ಲದ ವ್ಯಾಪಾರಿ ಜಂಬಪ್ಪ ಕೇಳಿದ್ದು ನಿನಗೆ ಗೊತ್ತೇ ಇದೆ. ತಿಂಗಳಿಗೆ ಎಂಟು ರೂಪಾಯಿ, ಐದು ವರ್ಷದ ಕರಾರು. ಇಷ್ಟು ಉದ್ದದ ಕರಾರಾದರೆ ರಿಜಿಸ್ಟ್ರಿ ಮಾಡಿಸಲೇಬೇಕಂತೆ. ಅಪ್ಪ ನಮ್ಮ ವಕೀಲರಾದ ಪ್ರಭಂಜನರಾಯರ ಮನೆಗೆ ಹೋದ. ಹಳೆಯ ಕಾಗದ ನೋಡಿ ಕರಾರು ಬರೆದುಕೊಡಲು ಎಲ್ಲ ಸೇರಿ ಹದಿನೈದು ರೂಪಾಯಿ ಆಗುತ್ತದೆ, ಸ್ಟಾಂಪಿನ ಖರ್ಚು ಇಬ್ಬರಿಗೂ ಅರ್ಧರ್ಧ ಎಂದು ಅವರು ಹೇಳಿದರು. ಅಷ್ಟಕ್ಕೇ ಅಪ್ಪನ ಪಿತ್ತ ನೆತ್ತಿಗೇರಿತು. ‘ನಾಕು ಸಾಲು ಗೀಚಾಕ ಎರಡು ತಿಂಗಳ ಬಾಡಿಗಿ ಕೊಡಬೇಕೇನ್ರಿ?’ ಎಂದು ಅವರ ಅಂಗಳದಲ್ಲೇ ಕೂಗಾಡಿ ಬಂದನಂತೆ. ರಾಯರು ಅಮ್ಮನ ಕಾಲದಿಂದ ನಮ್ಮ ಕಾಗದಪತ್ರ ನೋಡಿದವರು. ನನಗೆ ಭಾರಿ ನಾಚಿಕೆಯಾಯಿತು.

ಈ ಸುದ್ದಿ ಜಂಬಪ್ಪನಿಗೆ ಹೇಗೆ ಮುಟ್ಟಿತೋ, ಮಾರನೆಯ ದಿನವೇ ಬಂದು ಕಟ್ಟೆಯ ಮೇಲೆ ಕೂತ. ‘ಹಿರೇರು, ನೀವ್ಯಾಕ ಖರ್ಚು ಮಾಡ್ತೀರಿ? ವಕೀಲರ ಫೀಸು, ಸ್ಟಾಂಪು, ರಿಜಿಸ್ಟ್ರಿ, ಎಲ್ಲಾ ನಂದೇ. ನೀವು ಸುಮ್ಮ ಬಂದು ಸಹಿ ಮಾಡ್ರಿ, ಸಾಕು’ ಎಂದ. ಅಪ್ಪ ಉಬ್ಬಿಹೋದ. ಬಳ್ಳಾರಿಯ ವಕೀಲನೊಬ್ಬನನ್ನು ಜಂಬಪ್ಪನೇ ಗೊತ್ತುಮಾಡಿದ. ಬರೆದದ್ದೆಲ್ಲ ಇಂಗ್ಲಿಷು. ಕರಡನ್ನು ಒಂದು ದಿನ ಇಲ್ಲಿಟ್ಟು ಹೋಗಿ, ರಾಯರ ಕೈಲಿ ಓದಿಸುತ್ತೇನೆ ಎಂದೆ. ಜಂಬಪ್ಪ ನನ್ನ ಮುಖ ನೋಡದೆ ಅಪ್ಪನ ಕಡೆ ತಿರುಗಿ, ‘ಹೆಣ್ಮಕ್ಕಳಿಗೆ ಇದೆಲ್ಲಾ ಯಾಕ ಬೇಕ್ರಿ?’ ಎಂದು ನಕ್ಕ. ಅಪ್ಪನೂ ನಕ್ಕ.

ಅಲ್ಲಿಂದೀಚೆಗೆ ದಿನವೂ ಅಪ್ಪನಿಗಾಗಿ ಟಾಂಗಾ ಬರುತ್ತದೆ. ಹೋಟೆಲಿನಲ್ಲಿ ಕಾಫಿ, ಉಪ್ಪಿಟ್ಟು ಆಗುತ್ತದೆ. ಏನು ಮಾತಾಡಿದಿರಿ ಎಂದು ಕೇಳಿದರೆ ‘ನಿನಗ್ಯಾಕವ್ವಾ’ ಎನ್ನುತ್ತಾನೆ. ನಿನ್ನೆ ಸ್ಟಾಂಪು ಮಾರುವವರ ಹೆಂಡತಿ ಲಕ್ಷ್ಮೀಬಾಯಿ ಬಾವಿಕಟ್ಟೆಯಲ್ಲಿ ಸಿಕ್ಕಿದ್ದಳು. ‘ಜಂಬಪ್ಪನವರು ಅಷ್ಟು ದೊಡ್ಡ ಬೆಲೆಯ ಸ್ಟಾಂಪು ತಗೊಂಡಾರಲ್ಲ, ಏನು ಬರೆಸಲಿಕ್ಕೆ ಹತ್ತೀರಿ?’ ಎಂದಳು. ಬಾಡಿಗೆಯ ಕರಾರು ಎಂದೆ. ‘ಬಾಡಿಗೆಗೆ ಅಷ್ಟು ಸ್ಟಾಂಪು ಯಾಕ?’ ಎನ್ನುತ್ತ ಕೊಡ ಎತ್ತಿಕೊಂಡು ಹೊರಟುಹೋದಳು.

ಗಂಡನನ್ನು ಕಳೆದುಕೊಂಡು ನಾನು ಈ ಮನೆಗೆ ಬಂದಾಗಿನಿಂದ ಒಲೆ ಉರಿದದ್ದು ಆ ಅಂಗಡಿಯ ಬಾಡಿಗೆಯಲ್ಲೇ. ನಿನ್ನ ಓದೂ ಅದರಲ್ಲೇ ಆಯಿತು. ನಾಳೆ ನೀನು ನೌಕರಿ ಬಿಟ್ಟು ಬಂದರೂ ಕೂತು ದುಡಿಯಲು ನಮಗಿರುವ ಜಾಗ ಅದೊಂದೇ. ಅದಕ್ಕೆ ಏನೋ ಆಗುತ್ತಿದೆ ಅನ್ನಿಸುತ್ತದೆ, ಏನು ಎಂದು ಹೇಳಲು ಬರುವುದಿಲ್ಲ. ರಿಜಿಸ್ಟ್ರಿ ಸೋಮವಾರ. ಅಷ್ಟರೊಳಗೆ ಮುಟ್ಟುವ ಹಾಗೆ ಅಪ್ಪನಿಗೊಂದು ಕಾಗದ ಬರೆದು, ಸ್ವಲ್ಪ ತಡಿ ಎಂದು ಹೇಳು. ನನ್ನ ಮಾತು ಕೇಳದವನು ಗಂಡುಮಗನ ಮಾತಾದರೂ ಕೇಳಿಯಾನು.

ಪಂಪಾಪತಿ ನಿನ್ನನ್ನು ಪರಸ್ಥಳದಲ್ಲಿ ಕಾಪಾಡಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ
ತಾಯಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಹಿತ್ತಲಲ್ಲಿ ಅಪ್ಪನ ದನಿ ಕೇಳಿತು. ಒಬ್ಬನೇ ಅಡ್ಡಾಡುತ್ತ ಏನನ್ನೋ ಬಾಯಿಪಾಠ ಮಾಡುತ್ತಿದ್ದ. ಏನಪ್ಪಾ ಅದು ಎಂದೆ. ‘ರಿಜಿಸ್ಟ್ರಾರ್ ಸಾಹೇಬರು ಕೇಳಿದಾಗ ಹಿಂಗ ಹೇಳಬೇಕಂತ ವಕೀಲರು ಕಲಿಸ್ಯಾರವ್ವಾ: ಸಾವಿರದ ಐನೂರು ರೂಪಾಯಿನೂ ಮುಟ್ಟ್ಯಾವ್ರಿ, ಇನ್ನ ಆ ಅಂಗಡಿ ಮ್ಯಾಲ ನಂದೇನೂ ಇಲ್ರಿ. ಅದು ಬರೇ ಕಚೇರಿ ಮಾತಂತ’ ಎಂದು ನಕ್ಕ. ತೋಟಪ್ಪಾ, ನಮ್ಮ ಕೈಗೆ ಒಂದು ಬಿಡಿಗಾಸೂ ಬಂದಿಲ್ಲ. ಕಾಗದ ಬರೆಯುತ್ತ ಕೂರಬೇಡ, ರೈಲು ಹತ್ತು.