ಹದಿನಾಲ್ಕನೇ ಕೋಣೆಯ ಕಾಗುಣಿತ

ಮಾನ್ಯ ಘಟನಾ ವರದಿ ಮುಖ್ಯಸ್ಥರೇ,

ನನ್ನ ಕುತ್ತಿಗೆ ಹಿಸುಕಿದ ವರದಿಯನ್ನು ಸ್ಪೆಲ್ಲಿಂಗ್ ಸರಿಯಿಲ್ಲವೆಂದು ನೀವು ಎರಡು ಸಲ ವಾಪಸ್ ಕಳಿಸಿದಿರಿ. ಅದರ ಫಲವಾಗಿ ಇಪ್ಪತ್ತೊಂದು ವರ್ಷದ ಹುಡುಗಿಯೊಬ್ಬಳ ದವಡೆ ಮುರಿದಿದೆ. ಇದನ್ನು ಅಡಿಲೇಡ್ ಕನ್ನಡಿಗರ ಪತ್ರಿಕೆಗೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಲ್ಲಿ ನನ್ನ ಕಾಗುಣಿತ ತಪ್ಪುವುದಿಲ್ಲ. ಅನುವಾದದ ಕಷ್ಟ ಈ ಸಲ ನಿಮಗಿರಲಿ.

ಎರಡು ತಿಂಗಳ ಹಿಂದೆ ಒಂದು ಬೆಳಗ್ಗೆ ನಿಮ್ಮ ವೃದ್ಧಾಶ್ರಮದ ಹದಿನಾಲ್ಕನೇ ಕೋಣೆಯಲ್ಲಿ ಒಬ್ಬ ಅಜ್ಜನಿಗೆ ಕಾಲುಚೀಲ ಹಾಕುತ್ತಿದ್ದೆ. ಅವರು ಎರಡೂ ಕೈಯಲ್ಲಿ ನನ್ನ ಕುತ್ತಿಗೆ ಅದುಮಿ, ತಲೆಯನ್ನು ಮಂಚದ ಕಬ್ಬಿಣಕ್ಕೆ ನಾಲ್ಕು ಸಲ ಚಚ್ಚಿದರು. ನನಗೆ ಪ್ರಜ್ಞೆ ತಪ್ಪಿತು. ಅವರಿಗೆ ಮರೆವಿನ ಕಾಯಿಲೆ, ಅವರ ಮೇಲೆ ಕೋಪವಿಲ್ಲ. ನಿಮಗೆ ಯಾವ ಕಾಯಿಲೆ? ಕೆಣಕದೆಯೇ ಹೊಡೆದದ್ದಕ್ಕೆ ಅನ್‌ಪ್ರವೋಕ್ಡ್, ಪ್ರಜ್ಞೆ ತಪ್ಪಿದ್ದಕ್ಕೆ ಅನ್‌ಕಾನ್ಷಸ್, ಉಸಿರುಗಟ್ಟಿದ್ದಕ್ಕೆ ಸಫೊಕೇಶನ್, ಎಲ್ಲವನ್ನೂ ಕಿವಿಗೆ ಕೇಳಿಸಿದಂತೆ ಬರೆದಿದ್ದೆ. ಮೈಸೂರಿನಲ್ಲಿ ನಮಗೆ ಹಾಗೇ ಕಲಿಸಿದ್ದು. ನೀವು ಒಂದೊಂದಕ್ಕೂ ಕೆಂಪು ಸುತ್ತು ಹಾಕಿ, ಇಂಗ್ಲಿಷ್ ಪದದ ಹಿಂದೆ ಮುಂದೆ ಅಂಟಿಸುವ 'ಅನ್', 'ಡಿಸ್' ಥರದ ಚೂರುಗಳನ್ನು ಕಲಿಸುವ ತರಗತಿಯಲ್ಲಿ ನನ್ನನ್ನು ನಾಲ್ಕು ಬುಧವಾರ ಕೂರಿಸಿದಿರಿ.

ಐವತ್ತೆರಡರ ಹೆಂಗಸು ನಾನು. ಕುತ್ತಿಗೆಯ ನೀಲಿ ಬೆರಳ ಗುರುತು ಮುಚ್ಚಲು ದುಪಟ್ಟಾ ಸುತ್ತಿಕೊಂಡು, ಡಿಸಪಿಯರ್‌ಗೆ 'ಎಸ್' ಎಷ್ಟು, 'ಪಿ' ಎಷ್ಟು ಎಂದು ಬಾಯಿಪಾಠ ಮಾಡಿದೆ. ಅದನ್ನು ಬರೆಯಲು ಬರುವ ಹೊತ್ತಿಗೆ ಗುರುತುಗಳೇ ಮಾಯವಾಗಿದ್ದವು. ಎರಡನೇ ವರದಿಯೂ ವಾಪಸ್ ಬಂತು. ಸಾಕಾಗಿಹೋಯಿತು. ಮೂರನೆಯದರಲ್ಲಿ ತಪ್ಪದೆ ಬರೆಯಬಲ್ಲ ಪದಗಳನ್ನಷ್ಟೇ ಹಾಕಿದೆ: ಕುತ್ತಿಗೆ ಹಿಡಿದರು, ನಾನು ಬಿದ್ದೆ. 'ವೆಲ್ ಡನ್' ಎಂದು ಬರೆದು 'ಸಣ್ಣ ಘಟನೆ'ಯ ಮುದ್ರೆ ಒತ್ತಿದಿರಿ. ಸಣ್ಣ ಘಟನೆ ನಡೆದ ಕೋಣೆಗೆ ಇಬ್ಬರನ್ನು ಕಳಿಸುವ ನಿಯಮ ನಿಮ್ಮಲ್ಲಿಲ್ಲ.

ಹಾಗಾಗಿ ಕಳೆದ ಶುಕ್ರವಾರ ಪಾರ್ವತಿ ಆ ಕೋಣೆಗೆ ಒಬ್ಬಳೇ ಹೋದಳು. ಗದಗದ ಹುಡುಗಿ, ಇಲ್ಲೇ ಬೆಡ್‌ಫರ್ಡ್ ಪಾರ್ಕ್‌ನ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಓದುತ್ತ ನಮ್ಮಲ್ಲಿ ಪಾರ್ಟ್‌ಟೈಮ್ ದುಡಿಯುವವಳು. "ಫೈಲ್ ಓದೇನ್ರಿ ಆಂಟಿ, ಏನೂ ಆಗಂಗಿಲ್ಲ ಬಿಡ್ರಿ" ಅಂದಳು. ತಿಂಡಿ ಟ್ರಾಲಿಯ ಅವಸರದಲ್ಲಿ ಯಾವ ಕೋಣೆಯೆಂದು ಕೇಳದೆ ಹ್ಞೂಂ ಅಂದುಬಿಟ್ಟೆ. ಹತ್ತು ನಿಮಿಷಕ್ಕೆ ಕಿರುಚಾಟ ಕೇಳಿಸಿತು. ಓಡಿಹೋದಾಗ ಅವಳ ದವಡೆ ಜೋತುಬಿದ್ದಿತ್ತು, ಮೂರು ಹಲ್ಲು ಕಾರ್ಪೆಟ್ ಮೇಲಿದ್ದವು. ಅಜ್ಜ ಊರುಗೋಲಿನಿಂದ ಹೊಡೆದಿದ್ದರು.

ಈಗ ಆಸ್ಪತ್ರೆಯಲ್ಲಿ ಅವಳ ಬಾಯಿಗೆ ತಂತಿ ಕಟ್ಟಿದ್ದಾರೆ. ನಿನ್ನೆ ನನ್ನನ್ನು ನೋಡಿ ಕಾಗದದ ಮೇಲೆ ಬರೆದಳು: "ಫೈಲ್‌ನಾಗ ಹಂಗ ಇರಲಿಲ್ಲಲ್ರಿ ಆಂಟಿ." ಆ ಫೈಲಿನಲ್ಲಿದ್ದದ್ದು ನನ್ನ ಮೂರನೇ ವರದಿ, ಸ್ವಾಮಿ. ಅವಳ ಕಾಗದವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಬಂದೆ.

ನಾಳೆಯಿಂದಲೇ ಆ ಕೋಣೆಗೆ ಇಬ್ಬರು ಹೋಗಬೇಕು. ನನ್ನ ಮೊದಲ ವರದಿ, ನಿಮ್ಮ ಕೆಂಪು ಸುತ್ತುಗಳ ಸಮೇತ, ಫೈಲಿನ ಮೊದಲ ಪುಟವಾಗಬೇಕು. ಪಾರ್ವತಿಗಾದದ್ದರ ಬಗ್ಗೆ 'ಸರಳ ಪದ ಬಳಸಿ' ಎಂದು ನೀವು ಕೊಟ್ಟ ಸಾಕ್ಷಿ ಫಾರ್ಮನ್ನೂ ತುಂಬಿದ್ದೇನೆ. ಅದರಲ್ಲಿ ಹನ್ನೊಂದು ದೊಡ್ಡ ಪದಗಳಿವೆ, ಹನ್ನೊಂದೂ ತಪ್ಪಿರಬಹುದು. ಒಂದನ್ನೂ ತಿದ್ದುವುದಿಲ್ಲ.

ಇಂತಿ,
ತಪ್ಪಿಲ್ಲದ ವರದಿ ಬರೆದು ಪಾರ್ವತಿಯನ್ನು ಆ ಕೋಣೆಗೆ ಕಳಿಸಿದ
ವನಜಾ